ಹೆರಿಗೆ ಮನೆಯಲ್ಲೋ, ಆಸ್ಪತ್ರೆಯಲ್ಲೋ? ಪುಣೆಯಲ್ಲಿರುವ ನಮ್ಮ ಕುಟುಂಬಗಳು ತಿಳಿಯಬೇಕಾದ ಮಾತು



ಈ ವಾರದ ಆರೋಗ್ಯ ಮಾಹಿತಿ ಗರ್ಭಿಣಿಯರಿಗೆ ಮತ್ತು ಅವರ ಮನೆಯವರಿಗೆ. ಸ್ವಲ್ಪ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ. ಓದಲು ಬಾರದವರಿಗೆ ಓದಿ ಹೇಳಿ.

ಕೆಲಸಕ್ಕೆಂದು ಪುಣೆಗೆ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಸೊಸೆಗೆ ಎಂಟು ತುಂಬಿ ಒಂಬತ್ತರಲ್ಲಿ ಬಿದ್ದಿರುತ್ತದೆ. ಅತ್ತೆ ಅನ್ನುತ್ತಾರೆ: "ನಾ ಐದು ಹಡದೀನಿ, ಐದೂ ಮನ್ಯಾಗ. ದವಾಖಾನಿಗೆ ಹೋದ್ರ ಹೊಟ್ಟಿ ಕೊಯ್ತಾರ." ಸೊಸೆ ಅನ್ನುತ್ತಾಳೆ: "ಅತ್ತಿ, ನನಗ ಎರಡೂ ಕಡೆ ಹೆದರಿಕಿ. ಮನ್ಯಾಗ ಏನರ ಆದ್ರ ಹೆಂಗ? ದವಾಖಾನ್ಯಾಗ ಅವರ ಮಾತು ನನಗ ತಿಳಿಯಂಗಿಲ್ಲ, ನಿಮ್ಮನ್ನ ಒಳಗ ಬಿಡಂಗಿಲ್ಲ." ಗಂಡ ಖರ್ಚಿನ ಲೆಕ್ಕ ಹಾಕುತ್ತಾ ಸುಮ್ಮನೆ ಕೂತಿರುತ್ತಾನೆ.

ಇನ್ನೊಂದು ಕಡೆ, ವಾಕಡ, ಹಿಂಜವಡಿ ಕಡೆ ಫ್ಲ್ಯಾಟಿನಲ್ಲಿರುವ ಓದಿದ ದಂಪತಿ ಮೊಬೈಲಿನಲ್ಲಿ "ಸಹಜ ಹೆರಿಗೆ, ಮನೆಯಲ್ಲೇ ಹೆರಿಗೆ" ಎಂಬ ವಿಡಿಯೋ ನೋಡಿ ಅದೇ ಯೋಚನೆಗೆ ಬಂದಿರುತ್ತಾರೆ.

ಇಬ್ಬರ ಪ್ರಶ್ನೆಯೂ ಒಂದೇ. ಹೆದರಿಸದೆ, ಬಚ್ಚಿಡದೆ ನೋಡೋಣ.

*1. ನಮ್ಮ ಅಜ್ಜಿಯರು ಮನೆಯಲ್ಲೇ ಹಡೆದಿಲ್ಲವೇ?*

ಹಡೆದಿದ್ದಾರೆ. ಹಡೆಸಿದ ಸೂಲಗಿತ್ತಿಯರ ಕೈಗುಣವೂ ಸುಳ್ಳಲ್ಲ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹಣ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು 98ನೇ ವಯಸ್ಸಿನಲ್ಲಿ ತೀರಿಕೊಂಡರು. ಆಸ್ಪತ್ರೆ, ಬಸ್ಸು, ರಸ್ತೆ ಇಲ್ಲದ ಕಾಲದಲ್ಲಿ ಅಂಥವರಿಲ್ಲದಿದ್ದರೆ ಎಷ್ಟೋ ಊರುಗಳಲ್ಲಿ ಕೇಳುವವರೇ ಇರುತ್ತಿರಲಿಲ್ಲ.

ಆದರೆ ಆ ಕಾಲದ ಇನ್ನೊಂದು ಮಾತನ್ನೂ ನೆನೆಯಬೇಕು. ಹಿರಿಯರನ್ನು ಕೇಳಿ ನೋಡಿ: ಬಾಣಂತನದಲ್ಲಿ ತೀರಿಕೊಂಡ ಒಬ್ಬ ಚಿಕ್ಕಮ್ಮ, ಒಬ್ಬ ಸೋದರತ್ತೆ, ಹುಟ್ಟಿ ಎರಡು ದಿನಕ್ಕೆ ಹೋದ ಒಂದು ಕೂಸು ಬಹಳ ಮನೆಗಳಲ್ಲಿ ಇದೆ. ಬದುಕಿದವರು ಕಥೆ ಹೇಳಲು ಇದ್ದಾರೆ, ಹೋದವರು ಇಲ್ಲ.

ಸರ್ಕಾರದ ಲೆಕ್ಕ ನೋಡಿ. 2004-06ರಲ್ಲಿ ಭಾರತದಲ್ಲಿ 1 ಲಕ್ಷ ಜೀವಂತ ಜನನಕ್ಕೆ 254 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 97ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ಮಹಾರಾಷ್ಟ್ರದಲ್ಲಿ 33, ಕರ್ನಾಟಕದಲ್ಲಿ 69. ಈ ಇಳಿಕೆಗೆ ಆಸ್ಪತ್ರೆ ಹೆರಿಗೆ ಒಂದೇ ಕಾರಣವಲ್ಲ. ಊಟ, ಓದು, ತಡವಾಗಿ ಮದುವೆ, ಕಡಿಮೆ ಮಕ್ಕಳು ಇವೆಲ್ಲ ಸೇರಿವೆ. ಆದರೂ ಆಸ್ಪತ್ರೆಯ ಪಾಲು ದೊಡ್ಡದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ 97, ಮಹಾರಾಷ್ಟ್ರದಲ್ಲಿ 100ಕ್ಕೆ ಸುಮಾರು 95 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ.

*2. ಸೂಲಗಿತ್ತಿ ಬೇರೆ, ತರಬೇತಿ ಪಡೆದ ಮಿಡ್‌ವೈಫ್ ಬೇರೆ*

ವಿಡಿಯೋದಲ್ಲಿ ಬರುವ "ಮಿಡ್‌ವೈಫ್" ಅಂದರೆ ನಮ್ಮ ಊರಿನ ಸೂಲಗಿತ್ತಿ ಅಲ್ಲ, ಇಲ್ಲಿಯ ವಸ್ತಿಯ ಸುಈಣ ಬಾಯಿಯೂ ಅಲ್ಲ. ಅವರು ವರ್ಷಗಟ್ಟಲೆ ಓದಿ, ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ, ಬಿಪಿ ನೋಡುವುದು, ಮಗುವಿನ ಎದೆಬಡಿತ ಎಣಿಸುವುದು, ರಕ್ತ ನಿಲ್ಲಿಸುವ ಚುಚ್ಚುಮದ್ದು ಕೊಡುವುದು, ಉಸಿರಾಡದ ಮಗುವಿಗೆ ಬ್ಯಾಗು-ಮಾಸ್ಕಿನಿಂದ ಉಸಿರು ಕೊಡುವುದು ಕಲಿತವರು. ಭಾರತ ಸರ್ಕಾರ 2018ರಲ್ಲಿ ಇಂಥ ಮಿಡ್‌ವೈಫರಿ ಸೇವೆಗೆ ಮಾರ್ಗಸೂಚಿ ತಂದಿದೆ. ಅದರ ಪ್ರಕಾರ ನರ್ಸಿಂಗ್ ಓದಿದವರಿಗೆ ಮತ್ತೆ 18 ತಿಂಗಳ ತರಬೇತಿ. ಆದರೆ ಅವರು ಕೆಲಸ ಮಾಡುವುದು ಸರ್ಕಾರಿ ಆಸ್ಪತ್ರೆಯ ಒಳಗೆ, ವೈದ್ಯರು ಹತ್ತಿರವಿರುವ ಕಡೆ. ಮನೆಮನೆಗೆ ಬಂದು ಹೆರಿಗೆ ಮಾಡಿಸಲು ಆ ಯೋಜನೆ ಇಲ್ಲ.

ಅಂದರೆ ನಮ್ಮ ಮುಂದಿರುವುದು ಮೂರು ದಾರಿ:
• ತರಬೇತಿ ಇಲ್ಲದವರ ಕೈಯಲ್ಲಿ ಮನೆಯಲ್ಲಿ ಹೆರಿಗೆ
• ನೋಂದಾಯಿತ ಮಿಡ್‌ವೈಫ್ ಜೊತೆ ಮನೆಯಲ್ಲಿ ಹೆರಿಗೆ
• ಆಸ್ಪತ್ರೆ ಹೆರಿಗೆ

ಮೊದಲನೆಯದು ಬೇಡವೇ ಬೇಡ. ಅದರಲ್ಲೂ ಮೊಬೈಲ್ ನೋಡಿಕೊಂಡು ಮಾಡುವ ಸಾಹಸ ಬೇಡ. 2018ರ ಜುಲೈನಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಯೂಟ್ಯೂಬ್ ವಿಡಿಯೋ ನಂಬಿ ಮನೆಯಲ್ಲೇ ಹೆರಿಗೆಗೆ ಹೋದ ಓದಿದ ಹೆಣ್ಣುಮಗಳೊಬ್ಬಳು ರಕ್ತಸ್ರಾವದಿಂದ ತೀರಿಕೊಂಡಳು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ.

*3. ಎರಡನೇ ದಾರಿಯ ಬಗ್ಗೆ ನಿಜವಾದ ಲೆಕ್ಕ*

ಇಂಗ್ಲೆಂಡಿನಲ್ಲಿ ಸುಮಾರು 64,000 ಹೆರಿಗೆಗಳ ಮೇಲೆ ನಡೆದ ದೊಡ್ಡ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎಲ್ಲರೂ ಯಾವ ತೊಂದರೆಯೂ ಇಲ್ಲದ, ಆರೋಗ್ಯವಂತ ಗರ್ಭಿಣಿಯರು. ಅದರಲ್ಲಿ ಕಂಡದ್ದು:

✔ ಎರಡನೇ ಅಥವಾ ನಂತರದ ಹೆರಿಗೆಯಾದರೆ, ಮನೆಯಲ್ಲಿ ಮಿಡ್‌ವೈಫ್ ಜೊತೆ ಹೆರಿಗೆ ಬಯಸಿದವರ ಮಕ್ಕಳಿಗೆ ಆಸ್ಪತ್ರೆಗಿಂತ ಹೆಚ್ಚು ಅಪಾಯ ಕಾಣಲಿಲ್ಲ.
✔ ಚೊಚ್ಚಲ ಹೆರಿಗೆಯಾದರೆ ಅಪಾಯ ಹೆಚ್ಚು. ಮಗು ಸಾಯುವುದು ಅಥವಾ ಗಂಭೀರ ತೊಂದರೆಗೆ ಒಳಗಾಗುವುದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದರೆ, ಮನೆ ಹೆರಿಗೆ ಬಯಸಿದವರಲ್ಲಿ ಸಾವಿರಕ್ಕೆ 9.3.
✔ ಮನೆಯಲ್ಲೇ ಹಡೆಯಬೇಕೆಂದು ಹೊರಟ ಚೊಚ್ಚಲ ತಾಯಂದಿರಲ್ಲಿ 100ಕ್ಕೆ 45 ಜನರನ್ನು ಹೆರಿಗೆ ಹೊತ್ತಿನಲ್ಲೋ ಹೆರಿಗೆಯಾದ ಕೂಡಲೇಯೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮೊದಲೇ ಹಡೆದವರಲ್ಲಿ 100ಕ್ಕೆ 12.

ಈ ಮೂರನೇ ಅಂಕಿಯನ್ನು ಇನ್ನೊಮ್ಮೆ ಓದಿ. ಅಲ್ಲಿ ಮನೆ ಹೆರಿಗೆ ಆಸ್ಪತ್ರೆಯ ವ್ಯವಸ್ಥೆಯ ಒಂದು ಭಾಗ. ಮಿಡ್‌ವೈಫ್ ಫೋನ್ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ, ಆಸ್ಪತ್ರೆಯವರು ಕಾಯುತ್ತಿರುತ್ತಾರೆ. ಇಲ್ಲಿ ಅದೇ ನೂರರಲ್ಲಿ ನಲವತ್ತೈದು ಜನ ರಿಕ್ಷಾ ಹುಡುಕಬೇಕು. ಸಂಜೆ ಹೊತ್ತು ಹಿಂಜವಡಿ ರಸ್ತೆಯಲ್ಲಿ, ವಾಘೋಲಿ ರಸ್ತೆಯಲ್ಲಿ ರಿಕ್ಷಾ ಹೇಗೆ ಹೋಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಹೋದ ಮೇಲೂ ಪರಿಚಯವಿಲ್ಲದ ಆಸ್ಪತ್ರೆ, ಹೆಸರು ಬರೆಸಿಲ್ಲ, ರಿಪೋರ್ಟು ಇಲ್ಲ.

*4. ಸಮಯ ಯಾಕೆ ಇಷ್ಟು ಮುಖ್ಯ?*

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಕೂಡಲೇ ಗರ್ಭಕೋಶ ಮುಷ್ಟಿ ಬಿಗಿದಂತೆ ಬಿಗಿಯಾಗಿ ಆ ರಕ್ತನಾಳಗಳನ್ನು ಒತ್ತಿ ಮುಚ್ಚುತ್ತದೆ. ಕೆಲವರಲ್ಲಿ ಅದು ಬಿಗಿಯಾಗುವುದಿಲ್ಲ. ಆಗ ರಕ್ತ ನಲ್ಲಿ ಬಿಟ್ಟಂತೆ ಹೋಗುತ್ತದೆ. ಗಟ್ಟಿ ಹೆಂಗಸಿಗೂ ಆಗಬಹುದು, ಹಿಂದೆ ನಾಲ್ಕು ಸುಲಭವಾಗಿ ಹಡೆದವರಿಗೂ ಆಗಬಹುದು. ಯಾರಿಗೆ ಆಗುತ್ತದೆ ಎಂದು ಪೂರ್ತಿಯಾಗಿ ಮೊದಲೇ ಹೇಳಲು ಬರುವುದಿಲ್ಲ.

ಅದಕ್ಕೇ ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಅದೂ ಸಾಲದಿದ್ದರೆ ಬೇರೆ ಔಷಧ, ರಕ್ತ, ಆಪರೇಷನ್.

ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಮೊದಲೇ ಕಡಿಮೆ. ಅದೇ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12 ಇರುವ ತಾಯಿ ಒಂದಷ್ಟು ರಕ್ತ ಹೋದರೂ ತಡೆದುಕೊಂಡಾಳು. 7 ಇರುವವಳಿಗೆ ಅಷ್ಟೇ ರಕ್ತ ಹೋದರೆ ಜೀವಕ್ಕೇ ಬರುತ್ತದೆ.

ಮಗುವಿನ ಮಾತೂ ಹಾಗೇ. ಕೆಲವು ಕೂಸುಗಳು ಹುಟ್ಟಿದ ಕೂಡಲೇ ಅಳುವುದಿಲ್ಲ. ಮೊದಲ ಒಂದು ನಿಮಿಷದಲ್ಲಿ ಉಸಿರು ಕೊಡಬೇಕು. ತಲೆಕೆಳಗೆ ಹಿಡಿದು ಬಡಿಯುವುದು, ತಣ್ಣೀರು ಚಿಮುಕಿಸುವುದು ಉಪಯೋಗವಿಲ್ಲ, ಹಾನಿ.

*5. ಇವರು ಮನೆ ಹೆರಿಗೆಯ ಯೋಚನೆಯನ್ನೇ ಮಾಡಬಾರದು*

❌ ಚೊಚ್ಚಲ ಹೆರಿಗೆ
❌ ಹಿಂದೆ ಸಿಜೇರಿಯನ್ ಆದವರು
❌ ಬಿಪಿ 140/90 ಅಥವಾ ಹೆಚ್ಚು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಫಿಟ್ಸ್
❌ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ
❌ ಅವಳಿ ಮಕ್ಕಳು, ಮಗು ಅಡ್ಡ ಅಥವಾ ಕಾಲು ಮುಂದಾಗಿ ಇರುವುದು
❌ ಮಾಸು ಕೆಳಗಿದೆ ಎಂದು ಸೋನೋಗ್ರಫಿಯಲ್ಲಿ ಬಂದಿರುವುದು
❌ ಹಿಂದಿನ ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿದ್ದು, ಮಾಸು ಬೀಳದೆ ಇದ್ದದ್ದು, ಮಗು ತೀರಿದ್ದು
❌ ರಕ್ತದ ಗುಂಪು ನೆಗೆಟಿವ್ (ಮಗು ಪಾಸಿಟಿವ್ ಆಗಿದ್ದರೆ ತಾಯಿಗೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕು)
❌ 37 ವಾರಕ್ಕೆ ಮುಂಚೆ ಬೇನೆ ಬಂದವರು, ದಿನ ದಾಟಿದವರು
❌ ಒಂದೂ ತಪಾಸಣೆ ಮಾಡಿಸದವರು

ಇಷ್ಟನ್ನು ಕಳೆದರೆ ಉಳಿಯುವವರು ಕೆಲವರೇ. ಅವರೂ ಮಿಡ್‌ವೈಫ್‌ಗೆ ಹೀಗೆ ಕೇಳಬೇಕು: ನಿಮ್ಮ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಏನು? ನಿಮ್ಮ ಬಳಿ ಆಕ್ಸಿಟೋಸಿನ್ ಇದೆಯೇ, ಅದನ್ನು ತಣ್ಣಗೆ ಇಟ್ಟಿದ್ದೀರಾ? ಮಗುವಿಗೆ ಉಸಿರು ಕೊಡುವ ಬ್ಯಾಗು-ಮಾಸ್ಕ್ ಇದೆಯೇ? ನಿಮ್ಮ ಜೊತೆ ಇನ್ನೊಬ್ಬರು ಬರುತ್ತಾರೆಯೇ? ತೊಂದರೆಯಾದರೆ ಯಾವ ಆಸ್ಪತ್ರೆ, ಯಾವ ಡಾಕ್ಟರು, ಎಷ್ಟು ನಿಮಿಷ? ಆ ಡಾಕ್ಟರಿಗೆ ಇದು ಗೊತ್ತಿದೆಯೇ? ಒಂದಕ್ಕೆ ನೇರ ಉತ್ತರ ಸಿಗದಿದ್ದರೂ ಆಸ್ಪತ್ರೆಗೇ ಹೋಗಿ.

⚠ ಇನ್ನೊಂದು ಎಚ್ಚರಿಕೆ. ಮನೆಗೆ ಬಂದವರು "ಬೇನೆ ಜೋರಾಗಲಿ" ಎಂದು ಚುಚ್ಚುಮದ್ದು ಕೊಟ್ಟರೆ ಬೇಡವೆನ್ನಿ. ಮಗು ಹುಟ್ಟುವ ಮೊದಲು ಲೆಕ್ಕವಿಲ್ಲದೆ ಕೊಟ್ಟ ಅದೇ ಆಕ್ಸಿಟೋಸಿನ್‌ನಿಂದ ಗರ್ಭಕೋಶ ಹರಿಯಬಹುದು, ಮಗುವಿನ ಉಸಿರು ಕಟ್ಟಬಹುದು.

*6. ಆಸ್ಪತ್ರೆಯ ಭಯ: ಒಂದೊಂದಾಗಿ ನೋಡೋಣ*

*"ಹೊಟ್ಟೆ ಕೊಯ್ಯುತ್ತಾರೆ."* ಈ ಭಯ ಆಧಾರವಿಲ್ಲದ್ದಲ್ಲ. 2019-21ರ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ 100ಕ್ಕೆ 47 ಸಿಜೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ 100ಕ್ಕೆ 14. ಆದ್ದರಿಂದ ಬೇಡದ ಆಪರೇಷನ್ ತಪ್ಪಿಸಲು ಮನೆಯಲ್ಲಿ ಹಡೆಯಬೇಕಿಲ್ಲ, ಆಸ್ಪತ್ರೆಯನ್ನು ನೋಡಿ ಆರಿಸಬೇಕು. ಏಳನೇ ತಿಂಗಳಲ್ಲೇ ಕೇಳಿ: "ನಿಮ್ಮಲ್ಲಿ ನೂರಕ್ಕೆ ಎಷ್ಟು ಸಿಜೇರಿಯನ್? ಬೇನೆಯಲ್ಲಿ ಓಡಾಡಲು ಬಿಡುತ್ತೀರಾ?" ಆಪರೇಷನ್ ಬೇಕು ಎಂದಾಗ "ಯಾಕೆ? ಕಾದರೆ ಏನಾಗುತ್ತದೆ?" ಎಂದು ಕೇಳುವುದು ನಿಮ್ಮ ಹಕ್ಕು. ಆದರೆ ಮಗುವಿನ ಎದೆಬಡಿತ ಬೀಳುತ್ತಿದೆ ಎಂದಾಗ ಊರಿಗೆ ಫೋನ್ ಮಾಡಿ ಹಿರಿಯರನ್ನು ಕೇಳುತ್ತಾ ಕೂರಬೇಡಿ.

*"ದುಡ್ಡು ಎಲ್ಲಿಂದ ತರೋದು?"* 2011ರ ಜೂನ್ 1ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಜಾರಿಯಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧ, ತಪಾಸಣೆ, ರಕ್ತ ಎಲ್ಲ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಜೇರಿಯನ್‌ಗೆ 7 ದಿನ ಊಟ ಉಚಿತ. ಮನೆಯಿಂದ ಆಸ್ಪತ್ರೆಗೆ, ದೊಡ್ಡ ಆಸ್ಪತ್ರೆಗೆ, ಮತ್ತೆ ಮನೆಗೆ ವಾಹನವೂ ಉಚಿತ. ಸರ್ಕಾರಿ ಆಸ್ಪತ್ರೆಗೆ ಬಂದ ಎಲ್ಲ ಗರ್ಭಿಣಿಯರಿಗೂ ಇದು ಅನ್ವಯ. ನೀವು ಕಲಬುರಗಿಯವರು, ವಿಜಯಪುರದವರು ಎಂಬ ಕಾರಣಕ್ಕೆ ಇಲ್ಲವೆನ್ನುವಂತಿಲ್ಲ. ಇದಲ್ಲದೆ ಬಡತನ ರೇಖೆಗಿಂತ ಕೆಳಗಿನವರಿಗೆ ಮತ್ತು ಎಸ್‌ಸಿ, ಎಸ್‌ಟಿ ತಾಯಂದಿರಿಗೆ ಜನನಿ ಸುರಕ್ಷಾ ಯೋಜನೆಯ ಹಣ ಬ್ಯಾಂಕ್ ಖಾತೆಗೆ ಬರುತ್ತದೆ.

*"ಒಬ್ಬಳನ್ನೇ ಒಳಗೆ ಕರೆದೊಯ್ಯುತ್ತಾರೆ."* ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿನಲ್ಲಿ ಜೊತೆಗೆ ಒಬ್ಬ ಹೆಂಗಸು ಇರಲು ಕೇಂದ್ರ ಸರ್ಕಾರ 2016ರಲ್ಲೇ ಅವಕಾಶ ಕೊಟ್ಟಿದೆ. ಗದ್ದಲದಲ್ಲಿ ಎಲ್ಲ ಕಡೆ ಪಾಲಿಸದೆ ಇರಬಹುದು, ಆದರೆ ಮೊದಲೇ ಮರ್ಯಾದೆಯಿಂದ ಕೇಳಿಕೊಳ್ಳಿ. ಅವ್ವನೋ, ಅತ್ತೆಯೋ, ಅಕ್ಕನೋ, ಮೊದಲೇ ಹಡೆದು ಅನುಭವವಿರುವ, ಸಾಧ್ಯವಾದರೆ ಮರಾಠಿ ಬರುವ ಒಬ್ಬರನ್ನು ಗೊತ್ತು ಮಾಡಿ. ಸೂಲಗಿತ್ತಿ ಕೊಡುತ್ತಿದ್ದ ಧೈರ್ಯ, ಬೆನ್ನು ನೀವುವ ಕೈ ಇಲ್ಲಿ ಬೇಕು. ಪಕ್ಕದಲ್ಲಿ ನಮ್ಮವರಿದ್ದರೆ ಬೇನೆ ತಡೆಯುವ ಶಕ್ತಿ ಬರುತ್ತದೆ, ಸಹಜ ಹೆರಿಗೆಗೂ ಅನುಕೂಲ.

*"ಮಾತು ಬರೋದಿಲ್ಲ."* ಈ ಕೆಲವು ಮಾತು ಬಾಯಿಪಾಠ ಮಾಡಿ:
🔹 ಕಳಾ ಯೇತ್ ಆಹೇತ್ – ಬೇನೆ ಬರುತ್ತಿದೆ
🔹 ಪಾಣಿ ಗೇಲಂ – ನೀರು ಹೋಯಿತು
🔹 ರಕ್ತ ಜಾತಂಯ್ – ರಕ್ತ ಹೋಗುತ್ತಿದೆ
🔹 ಬಾಳ ಹಲತ್ ನಾಹಿ – ಮಗು ಅಲುಗಾಡುತ್ತಿಲ್ಲ
🔹 ಡೋಕಂ ಖೂಪ್ ದುಖತಂಯ್ – ತಲೆ ತುಂಬಾ ನೋಯುತ್ತಿದೆ
🔹 ಪಹಿಲಂ ಸಿಝರ್ ಝಾಲಂಯ್ – ಮೊದಲನೆಯದು ಸಿಜೇರಿಯನ್ ಆಗಿದೆ

*7. ಪುಣೆಯಲ್ಲಿ ಎಲ್ಲಿ ಹೋಗಬೇಕು?*

ಪುಣೆ ಸ್ಟೇಷನ್ ಹತ್ತಿರ ಸಸೂನ್ ಆಸ್ಪತ್ರೆ, ಮಂಗಳವಾರ ಪೇಠೆಯಲ್ಲಿ ಮಹಾನಗರಪಾಲಿಕೆಯ ಕಮಲಾ ನೆಹರು ಆಸ್ಪತ್ರೆ, ಪಿಂಪ್ರಿಯಲ್ಲಿ ಯಶವಂತರಾವ್ ಚವ್ಹಾಣ ಆಸ್ಪತ್ರೆ (ಎಲ್ಲರೂ ವೈಸಿಎಂ ಅನ್ನುತ್ತಾರೆ), ಔಂಧ್‌ನಲ್ಲಿ ಜಿಲ್ಲಾ ಆಸ್ಪತ್ರೆ. ಇವಲ್ಲದೆ ಬಡಾವಣೆಗಳಲ್ಲಿ ಪಾಲಿಕೆಯ ಪ್ರಸೂತಿಗೃಹಗಳಿವೆ. ಸಣ್ಣ ಪ್ರಸೂತಿಗೃಹದಲ್ಲಿ ಹೆಸರು ಬರೆಸಿದರೆ "ರಾತ್ರಿ ಸಿಜೇರಿಯನ್ ಆಗುತ್ತದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ?" ಎಂದು ಕೇಳಿಟ್ಟುಕೊಳ್ಳಿ.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ಕೂಲಿ ಒಂದು ದಿನ ಹೋದರೂ ಪರವಾಗಿಲ್ಲ, ತಪ್ಪಿಸಬೇಡಿ. ಕರ್ನಾಟಕದಲ್ಲಿ ತಾಯಿ ಕಾರ್ಡ್ ಮಾಡಿಸಿದ್ದರೆ ಅದನ್ನೇ ತೋರಿಸಿ. ಇಲ್ಲದಿದ್ದರೆ ನಿಮ್ಮ ವಸ್ತಿಯ ಆಶಾ ತಾಯಿಯನ್ನೋ ಅಂಗಣವಾಡಿ ತಾಯಿಯನ್ನೋ ಕೇಳಿ ಇಲ್ಲಿಯ ಕಾರ್ಡ್ ಮಾಡಿಸಿ.

📞 ಆಂಬ್ಯುಲೆನ್ಸ್: *108* (ತುರ್ತು), *102* (ಗರ್ಭಿಣಿ, ಬಾಣಂತಿ, ಶಿಶು). ಎರಡೂ ಉಚಿತ. ನಿಮ್ಮ ಸೈಟಿನ ವಿಳಾಸ, ಹತ್ತಿರದ ದೊಡ್ಡ ಗುರುತು ಮರಾಠಿಯಲ್ಲಿ ಬರೆದು ಗೋಡೆಗೆ ಅಂಟಿಸಿಡಿ.

*8. ತವರಿಗೆ ಹೋಗುವವರಿಗೆ*

ಚೊಚ್ಚಲ ತವರಲ್ಲೇ ಆಗಬೇಕೆಂಬುದು ನಮ್ಮ ಪದ್ಧತಿ, ಒಳ್ಳೆಯ ಪದ್ಧತಿಯೇ. ಆದರೆ ಕುಬಸದ ಹೊತ್ತಿಗೇ ತೀರ್ಮಾನಿಸಿ. ದಿನ ತುಂಬಿದ ಮೇಲೆ ಸೊಲ್ಲಾಪುರ ದಾಟಿ ಇಡೀ ರಾತ್ರಿ ರೈಲಿನಲ್ಲೋ ಬಸ್ಸಿನಲ್ಲೋ ಹೋಗುವುದು ಬೇಡ. ಹೋಗುವುದಾದರೆ ಎಂಟು ತುಂಬುವುದರೊಳಗೆ, ಡಾಕ್ಟರನ್ನು ಕೇಳಿ, ಎಲ್ಲ ಕಾಗದ ಹಿಡಿದು ಹೋಗಿ. ಊರು ಮುಟ್ಟಿದ ವಾರದಲ್ಲೇ ಅಲ್ಲಿಯ ಆಸ್ಪತ್ರೆಯಲ್ಲಿ ತೋರಿಸಿ. ಅಪಾಯದ ಗರ್ಭವೆಂದು ಹೇಳಿದ್ದರೆ ಹಳ್ಳಿಯಲ್ಲಿ ಉಳಿಯದೆ ಕಲಬುರಗಿಯ ಜಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ಹತ್ತಿರವಿರಿ.

*9. ತಡಮಾಡದೆ ಹೊರಡಬೇಕಾದ ಲಕ್ಷಣಗಳು*

🚨 ಬೇನೆಗೆ ಮುಂಚೆ ಯಾವುದೇ ರಕ್ತ
🚨 ತಲೆನೋವು, ಕಣ್ಣು ಮಂಜು, ಮುಖ-ಕೈ ಬಾವು, ಫಿಟ್ಸ್
🚨 ಮಗುವಿನ ಚಲನೆ ಕಡಿಮೆ ಅಥವಾ ಇಲ್ಲ
🚨 ನೀರು ಹಸಿರು ಅಥವಾ ಕಪ್ಪು ಬಣ್ಣ, ಕೆಟ್ಟ ವಾಸನೆ, ಜ್ವರ
🚨 12 ಗಂಟೆಗಿಂತ ಹೆಚ್ಚು ಬೇನೆ
🚨 ಹೆರಿಗೆಯಾಗಿ ಅರ್ಧ ಗಂಟೆಯಾದರೂ ಮಾಸು ಬೀಳದಿರುವುದು
🚨 ಹೆರಿಗೆಯ ನಂತರ ಅರ್ಧ ಗಂಟೆಯಲ್ಲಿ ಎರಡು-ಮೂರು ಬಟ್ಟೆ ತೋಯುವಷ್ಟು ರಕ್ತ

*10. ದಾರಿಯಲ್ಲೋ ಮನೆಯಲ್ಲೋ ಹೆರಿಗೆ ಆಗಿಯೇ ಬಿಟ್ಟರೆ?*

108ಕ್ಕೆ ಫೋನ್ ಮಾಡಿ. ಕೈ ಸೋಪಿನಿಂದ ತೊಳೆಯಿರಿ. ಮಗುವನ್ನು ಎಳೆಯಬೇಡಿ, ಹೊಟ್ಟೆ ಒತ್ತಬೇಡಿ. ಹುಟ್ಟಿದ ಮಗುವನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ತಾಯಿಯ ಎದೆಯ ಮೇಲೆ ಬರಿ ಮೈಗೆ ಮಲಗಿಸಿ, ಇಬ್ಬರಿಗೂ ಹೊದಿಸಿ. ಹೊಕ್ಕುಳಬಳ್ಳಿ ಕತ್ತರಿಸುವ ಆತುರ ಬೇಡ, ಹಾಗೇ ಬಿಟ್ಟು ಆಸ್ಪತ್ರೆಗೆ ಹೋಗಿ. ಮಾಸನ್ನು ಎಳೆಯಬೇಡಿ. ತಾನಾಗಿ ಬಿದ್ದರೆ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ, ಪೂರ್ತಿ ಬಂದಿದೆಯೇ ಎಂದು ಅವರು ನೋಡಬೇಕು. ಎದೆಹಾಲು ಕುಡಿಸಿ. ಜೇನು, ಬೆಲ್ಲದ ನೀರು ಬೇಡ. ಹೊಕ್ಕುಳಿಗೆ ಬೂದಿ, ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ.

ತಾಯಿ-ಮಗು ಚೆನ್ನಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಮಗುವಿಗೆ ವಿಟಮಿನ್ ಕೆ, 24 ಗಂಟೆಯೊಳಗೆ ಹೆಪಟೈಟಿಸ್-ಬಿ, ಜೊತೆಗೆ ಬಿಸಿಜಿ, ಪೋಲಿಯೋ ಹನಿ ಆಗಬೇಕು.

ಜನನ ಪ್ರಮಾಣಪತ್ರ ಮರೆಯಬೇಡಿ. ಆಸ್ಪತ್ರೆಯಲ್ಲಾದರೆ ಅವರೇ ವರದಿ ಮಾಡುತ್ತಾರೆ. ಮನೆಯಲ್ಲಾದರೆ ಮನೆಯ ಹಿರಿಯರೇ 21 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಮತ್ತು ಬೇರೆ ಸರ್ಕಾರಿ ಕೆಲಸಕ್ಕೆ ಅದೇ ಮುಖ್ಯ ದಾಖಲೆ. ಊರು ಬಿಟ್ಟು ಊರಿಗೆ ಹೋಗುವ ನಮ್ಮಂಥವರ ಮಕ್ಕಳಿಗೆ ಇದು ಬಹಳ ಮುಖ್ಯ.

*ಕೊನೆಯ ಮಾತು*

ಅತ್ತೆಯವರ ಮಾತಿನಲ್ಲಿ ಪ್ರೀತಿಯಿದೆ, ಸೊಸೆಯ ಭಯದಲ್ಲಿ ಅರ್ಥವಿದೆ. ಇಬ್ಬರೂ ಬಿಟ್ಟುಕೊಡಬೇಕಿಲ್ಲ. ಹೆರಿಗೆ ಆಸ್ಪತ್ರೆಯಲ್ಲಾಗಲಿ, ಅತ್ತೆ ಪಕ್ಕದಲ್ಲಿರಲಿ. ಬಾಣಂತನ ಮನೆಯಲ್ಲಿ ನಮ್ಮ ಪದ್ಧತಿಯಂತೆ ಆಗಲಿ: ಬಿಸಿ ಊಟ, ಅಂಟಿನುಂಡೆ, ಎಣ್ಣೆ ನೀರು, ಬೆಚ್ಚನೆಯ ಹಾಸಿಗೆ. ಹೊಗೆ ಮಾತ್ರ ಬೇಡ, ಕೂಸಿನ ಉಸಿರಿಗೆ ಒಳ್ಳೆಯದಲ್ಲ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯವರೆಲ್ಲ ಸೇರಿ ನಾಲ್ಕು ಮಾತು ತೀರ್ಮಾನಿಸಿ: ಯಾವ ಆಸ್ಪತ್ರೆ? ಯಾವ ವಾಹನ? ಜೊತೆಗೆ ಯಾರು? ಅವಳ ರಕ್ತದ ಗುಂಪು ಏನು, ರಕ್ತ ಕೊಡುವವರು ಯಾರು?

ಇದು ಸಾಮಾನ್ಯ ಮಾಹಿತಿ. ನಿಮ್ಮನ್ನು ಪರೀಕ್ಷಿಸಿದ ವೈದ್ಯರ ಮಾತೇ ಕೊನೆಯದು.

ನಿಮ್ಮ ಸೈಟಿನಲ್ಲಿ, ವಸ್ತಿಯಲ್ಲಿ, ಸೊಸೈಟಿಯಲ್ಲಿ ಯಾರಾದರೂ ಕನ್ನಡದ ಗರ್ಭಿಣಿ ಹೆಣ್ಣುಮಗಳಿದ್ದರೆ ಅವರಿಗೆ ಇದನ್ನು ಕಳುಹಿಸಿ. ಫೋನ್ ಇಲ್ಲದಿದ್ದರೆ ಹೋಗಿ ಹೇಳಿ ಬನ್ನಿ. 🙏